ಮಚ್ಚೆ ಸುಡಿಸಲು ಹೋದದ್ದು

ನನ್ನ ಎಡಗೆನ್ನೆಯ ಮಚ್ಚೆ ಹೆಂಡತಿಗೆ ಆಗಿಬರುವುದಿಲ್ಲ ಎಂದು ಭದ್ರಾವತಿಯಲ್ಲಿರುವ ಅಕ್ಕನಿಗೆ ಅಲ್ಲಿನ ಜೋಯಿಸರೊಬ್ಬರು ಹೇಳಿದ್ದರು. ನನ್ನ ಹೆಂಡತಿ ಲಲಿತೆ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಹೊಸ ಸಂಬಂಧದವರು ನನ್ನನ್ನು ನೋಡಲು ಬರುವುದರೊಳಗೆ ಮಚ್ಚೆ ಸುಡಿಸಿಕೋ ಎಂದು ಅಕ್ಕ ಬಂದು ಹಟ ಹಿಡಿದಳು. ವಾದಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ, ಜೋಯಿಸರ ಮಾತು ನನ್ನ ಮನಸ್ಸಿಗೂ ಅರ್ಧ ನಾಟಿತ್ತು.

ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಚರ್ಮದ ಡಾಕ್ಟರೊಬ್ಬರು ಕರೆಂಟಿನ ಸೂಜಿಯಿಂದ ಮಚ್ಚೆ, ನರೂಲಿಗಳನ್ನು ಸುಟ್ಟು ತೆಗೆಯುತ್ತಿದ್ದರು. ಅವರಲ್ಲಿಗೆ ಹೋಗಿ ಕುಳಿತೆ. ಸ್ವಿಚ್ ಹಾಕಿದೊಡನೆ ಸೂಜಿಯ ಪೆಟ್ಟಿಗೆ ಗುಂಯ್ ಎಂದಿತು. ಸೂಜಿಯನ್ನು ಕೆನ್ನೆಯ ಹತ್ತಿರ ತಂದು ಕೇಳಿದರು, "ನೋವಿದೆಯಾ ಮೇಷ್ಟ್ರೇ? ಬೆಳೀತಾ ಇದೆಯಾ?"

"ಇಲ್ಲ. ಇದರಿಂದಲೇ ನನ್ನ ಹೆಂಡತಿ ಸತ್ತಳು ಅಂತ ಅಕ್ಕ ಹೇಳ್ತಾಳೆ."

ಅವರು ಸೂಜಿಯನ್ನು ಹಿಂದಕ್ಕೆಳೆದುಕೊಂಡರು. "ಇದು ಯಾವಾಗಿನಿಂದ ಇದೆ?"

"ಹುಟ್ಟಿದಾಗಿನಿಂದ."

"ಮದುವೆಯಾಗಿ ಎಷ್ಟು ವರ್ಷ ಬಾಳಿದ್ರಿ?"

"ಹನ್ನೊಂದು ವರ್ಷ, ನಾಲ್ಕು ತಿಂಗಳು."

"ಚೆನ್ನಾಗಿದ್ರಾ?"

ಹೌದೆಂದು ತಲೆಯಾಡಿಸಿದೆ.

"ಅಲ್ಲ ಮಾರಾಯ್ರೇ, ಅಷ್ಟು ವರ್ಷ ಈ ಮಚ್ಚೆ ರಜದ ಮೇಲಿತ್ತಾ?" ಎನ್ನುತ್ತಾ ಅವರು ಸ್ವಿಚ್ ಆರಿಸಿದರು. "ನಿಮಗೇ ಬೇಡ ಅನ್ನಿಸಿದ ದಿನ ಬನ್ನಿ, ತೆಗೀತೀನಿ. ಅಕ್ಕನಿಗೆ ಬೇಡ ಅಂತ ನಿಮ್ಮ ಕೆನ್ನೆ ಸುಡಲ್ಲ."

ಹೊಸಮನೆ ಬಡಾವಣೆಯ ನಮ್ಮ ಮನೆಯವರೆಗೆ ನಿಧಾನವಾಗಿ ನಡೆದೇ ಬಂದೆ. ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕನಿಗೆ ಡಾಕ್ಟರ ಮಾತನ್ನು ವಿವರಿಸುವ ಶಕ್ತಿಯಿರಲಿಲ್ಲ. ಕರೆಂಟ್ ಇರಲಿಲ್ಲ ಎಂದುಬಿಟ್ಟೆ. ಭದ್ರಾವತಿಗೆ ಮರಳಿದ ಮೇಲೂ ಅವಳು ಪ್ರತಿ ಕಾಗದದ ಕೊನೆಯಲ್ಲಿ, ಶಿವಮೊಗ್ಗಕ್ಕೆ ಕರೆಂಟ್ ಬಂತೇ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎಂದೇ ಬರೆಯುತ್ತಿದ್ದೇನೆ.