ಹುಳದ ಮನೆಗೆ ನುಗ್ಗಿದ ಮೇಡಂ

ಬೆಳಿಗ್ಗೆ ಬೂದಿಗೆರೆ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡ ಮೊಪೆಡ್ಡೊಂದು ಪಕ್ಕದಲ್ಲೇ ಹೋಯ್ತು. ಆ ಹಸಿ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಮತ್ತೆ ಮೂರನೇ ಕ್ಲಾಸಿನ ಹುಡುಗ.

ಆಗ ನಮ್ಮೂರಲ್ಲಿ ಮನೆಮನೆಯಲ್ಲೂ ರೇಷ್ಮೆಹುಳ. ಗೂಡು ಕಟ್ಟೋ ಮುಂಚಿನ ವಾರ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಮಕ್ಕಳೆಲ್ಲ ಸೊಪ್ಪು ಕುಯ್ಯೋಕೆ ಹೋದರೆ ಸ್ಕೂಲಲ್ಲಿ ಬರೀ ಬೆಂಚು. ಮುಚ್ಚಿಬಿಡ್ತಾರಂತೆ ಅನ್ನೋ ಮಾತೂ ಎದ್ದಿತ್ತು.

ಹೊಸದಾಗಿ ಬಂದ ಮೇಡಂ ನನ್ನನ್ನು ಕರೆಯೋಕೆ ಮನೆಗೇ ಬಂದು, ಚಪ್ಪಲಿ ಕಾಲಲ್ಲೇ ಹುಳದ ಮನೆಗೆ ನುಗ್ಗಿಬಿಟ್ಟರು. ಅಜ್ಜಿ ಹೌಹಾರಿ, "ಅಯ್ಯಯ್ಯೋ, ಅಲ್ಲೇ ನಿಂತ್ಕೊ ಮೇಡಮ್ಮಾ! ಎಳೇ ಜೀವ, ರೋಗ ತಗಲ್ತೈತೆ!" ಅಂತ ಕೂಗಿದಳು.

ಮೇಡಂ ಬೇಜಾರು ಮಾಡ್ಕೊಳ್ಳಲಿಲ್ಲ. ಮಾರನೇ ದಿನ ಕಾಲು ತೊಳ್ಕೊಂಡು ಒಳಗೆ ಬಂದು, ಅಜ್ಜಿ ಜೊತೆ ತಾವೂ ಹುಳಕ್ಕೆ ಸೊಪ್ಪು ಹಾಕಿದರು. "ಈ ವಾರ ಬೆಳಗಿನ ಸೊಪ್ಪು ಹಾಕಿ ಆದ್ಮೇಲೇ ಬೆಲ್ ಹೊಡಿಸ್ತೀನಿ. ಆಗ ಕಳಿಸ್ತೀರಾ ಅಜ್ಜಿ?" ಅಂದರು. ಊರಿಗೆಲ್ಲ ಹಾಗೇ ಹೇಳಿಬಂದರು. ಬೆಲ್ ಕೇಳಿದ್ದೇ ನಾವು ಕೈಗಂಟಿದ ಸೊಪ್ಪಿನ ಹಾಲನ್ನು ಚಡ್ಡಿಗೆ ಒರೆಸಿಕೊಂಡು ಓಡಿದೆವು. ಬೆಂಚು ತುಂಬಿದವು.

ಒಂದು ದಿನ ಅಜ್ಜಿಯೇ ಸ್ಕೂಲು ನೋಡೋಕೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ನಲ್ಲೀಲಿ ಕಾಲು ತೊಳೆದಳು.

"ಪರವಾಗಿಲ್ಲ, ಹಂಗೇ ಬನ್ನಿ ಅಜ್ಜಿ" ಅಂದರು ಮೇಡಂ.

"ಇಲ್ಲೂ ಎಳೇ ಜೀವಗಳೇ ಅಲ್ವೇನವ್ವಾ?" ಅಂದಳು ಅಜ್ಜಿ.

ಇವತ್ತು ಅದೇ ಸ್ಕೂಲಿಗೆ ಮಗಳನ್ನು ಸೇರಿಸೋಕೆ ಹೋಗಿದ್ದೆ. ಬಾಗಿಲ ಹತ್ತಿರ ಅವಳು ನನ್ನ ಕೈ ಜಗ್ಗಿದಳು.

"ಅಪ್ಪಾ, ಯಾರೂ ಬಿಚ್ಚಿಲ್ಲ. ನೀನ್ಯಾಕೆ ಶೂ ಬಿಚ್ತಿದೀಯಾ?"