ಡಿಕ್ಕಿಯಲ್ಲಿದ್ದ ಎರಡು ಮರಳಿನ ಮೂಟೆ

ನನ್ನ ಗಂಡ ಕಲೆರ್ವೊ ಮೂವತ್ತೊಂದು ವರ್ಷ ಹಿಮ ತಳ್ಳುವ ಲಾರಿ ಓಡಿಸಿದವನು. ನಿವೃತ್ತನಾದ ವಾರವೇ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡ. ಎಂಜಿನ್ನು ಮುಂದೆ, ದೂಡುವುದೆಲ್ಲ ಹಿಂದಿನ ಚಕ್ರ. ನಮ್ಮ ಫಿನ್ಲೆಂಡಿನ ಚಳಿಗಾಲದಲ್ಲಿ ಬುದ್ಧಿ ಇದ್ದವರು ಅಂಥದ್ದನ್ನು ಷೆಡ್ಡಿನಲ್ಲಿ ಮುಚ್ಚಿಡುತ್ತಾರೆ. ಈ ಮಹಾಶಯ ಹಿಂಭಾಗಕ್ಕೆ ಭಾರವಿರಲೆಂದು ಡಿಕ್ಕಿಯಲ್ಲಿ ಎರಡು ಮರಳಿನ ಮೂಟೆ ಹೇರಿಕೊಂಡು, ಮೈನಸ್ ಇಪ್ಪತ್ತರಲ್ಲೂ ಹಾಲು ತರಲು ಹೊರಡುತ್ತಾನೆ. ಯಾರಾದರೂ ಚಕಾರವೆತ್ತಿದರೆ, "ಇಷ್ಟು ವರ್ಷ ನಿಮಗೆಲ್ಲ ದಾರಿ ಮಾಡ್ಕೊಟ್ಟೆ. ಈಗ ನಾನು ಖುಷಿಯಾಗಿ ಓಡಾಡಿದ್ರೆ ನಿಮಗ್ಯಾಕೆ ಹೊಟ್ಟೆಯುರಿ?" ಎನ್ನುತ್ತಾನೆ. ಹದಿನಾಲ್ಕು ವರ್ಷದಲ್ಲಿ ಆ ಕಾರಿನ ಮೇಲೆ ಒಂದೇ ಒಂದು ಮಾತನ್ನೂ ಸಹಿಸಿದವನಲ್ಲ.

ಚರ್ಚಿನ ದಿಬ್ಬದಲ್ಲಿ ಅದು ಸಿಕ್ಕಿಬಿದ್ದಾಗಲೆಲ್ಲ ಟ್ರ್ಯಾಕ್ಟರ್ ತಂದು ಎಳೆಯುತ್ತಿದ್ದವನು ನನ್ನ ಅಣ್ಣ ಔಲಿಸ್. "ಏನ್ ಭಾವ, ಇವತ್ತೂ ನಿನ್ನ ಮಹಾರಾಣಿಗೆ ಮೆರವಣಿಗೆ ಬೇಕಾ? ಇದು ಚಳಿಗಾಲದ ಗಾಡಿಯಲ್ಲ ಕಣೋ!" ಎಂದು ಛೇಡಿಸದೆ ಒಮ್ಮೆಯೂ ಹಗ್ಗ ಕಟ್ಟಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಅಣ್ಣ ತೀರಿಕೊಂಡ. ಶವಪೆಟ್ಟಿಗೆ ಹೊರುವ ಆರು ಜನರಲ್ಲಿ ಬಲಗಡೆಯ ಮುಂದಿನ ಜಾಗ ಕಲೆರ್ವೊನದೇ ಎಂದು ಮೊದಲೇ ಹೇಳಿಟ್ಟಿದ್ದ.

ಅಂತ್ಯಕ್ರಿಯೆಯ ದಿನ ಚರ್ಚಿಗೆ ಹೋಗಲು ಟ್ಯಾಕ್ಸಿ ಕರೆಯೋಣ ಎಂದೆ. ಕೇಳಿದರೆ ತಾನೆ! ಹೂಳಿದ ಮೇಲೆ ಬಂದವರಿಗೆಲ್ಲ ಕೊಡುವ ಕಾಫಿಗೆಂದು ನಾನು ಮಾಡಿದ್ದ ಸಾಲ್ಮನ್ ಮೀನಿನ ಸ್ಯಾಂಡ್‌ವಿಚ್ ಕೇಕುಗಳ ಮೂರು ತಟ್ಟೆ ಡಿಕ್ಕಿಯಲ್ಲಿ ಹಿಡಿಯಲಿಲ್ಲ. ಅವನು ಟೈ ಕಟ್ಟಿಕೊಳ್ಳುತ್ತಿದ್ದಾಗ ಮೂಟೆಗಳನ್ನು ಷೆಡ್ಡಿಗೆ ಎಳೆದುಹಾಕಿದೆ. ಹೇಳಲು ಮರೆತೆ.

ದಿಬ್ಬದ ನಡುವೆ ಚಕ್ರ ನಿಂತಲ್ಲೇ ತಿರುಗಿತು, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ಮೇಲೆ ಚರ್ಚಿನ ಗಂಟೆ ಹೊಡೆಯತೊಡಗಿತು. ಕಲೆರ್ವೊ ಇಳಿದು ಡಿಕ್ಕಿ ತೆರೆದ, ಕೇಕು ನೋಡಿದ, ನನ್ನನ್ನು ನೋಡಿದ.

"ಬೈಯೋದಾದ್ರೆ ಬೈದುಬಿಡು!" ಎಂದು ಕಿರುಚಿದೆ. ಅವನು ಸುಮ್ಮನಿದ್ದರೆ ನನಗೆ ಇನ್ನೂ ಮೈ ಉರಿಯುತ್ತದೆ.

"ಟೈಮಿಲ್ಲ. ಡಿಕ್ಕಿ ಮೇಲೆ ಹತ್ತಿ ಕೂತ್ಕೋ."

"ಅರವತ್ತೊಂಬತ್ತು ವರ್ಷ ಕಣೋ ನಂಗೆ!"

"ಬೇಕಾಗಿರೋದು ತೂಕ, ವಯಸ್ಸಲ್ಲ."

ಕಪ್ಪು ಕೋಟು, ಕಪ್ಪು ಟೋಪಿ, ಕಂಕುಳಲ್ಲಿ ಹೂಗುಚ್ಛ. ಅಣ್ಣನ ಅಂತ್ಯಕ್ರಿಯೆಗೆ ಹೀಗೆ ಹೋದವಳು ಈ ಊರಿನಲ್ಲಿ ನಾನೊಬ್ಬಳೇ. ಕಾರು ತೆವಳುತ್ತ ಹತ್ತಿತು, ನಾನು ಉದ್ದಕ್ಕೂ ಅವನಿಗೆ ಶಾಪ ಹಾಕಿದೆ.

ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಐವರು ಪೆಟ್ಟಿಗೆಯ ಪಕ್ಕ ನಿಂತಿದ್ದರು, ಆರನೆಯ ಜಾಗಕ್ಕೆ ಯಾರೋ ಕೈಗವಸು ಹಾಕಿಕೊಳ್ಳುತ್ತಿದ್ದರು. ಕಲೆರ್ವೊ ಏದುಸಿರು ಬಿಡುತ್ತ ಹೋಗಿ ತನ್ನ ಜಾಗದಲ್ಲಿ ನಿಂತ.

ಆಮೇಲೆ ಕಾಫಿಯ ಹೊತ್ತಿಗೆ ಅಣ್ಣನ ಹೆಂಡತಿ ಐಲಿ ಎಲ್ಲರೆದುರು ಕೇಳಿಯೇಬಿಟ್ಟಳು: "ಇವತ್ತೂ ತಡಾನಾ? ಮಹಾರಾಣಿ ಮುನಿಸ್ಕೊಂಡ್ಲಾ?"

ಮೂಟೆ ತೆಗೆದದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಕಲೆರ್ವೊ ಕೇಕಿನಿಂದ ತಲೆ ಎತ್ತಲೇ ಇಲ್ಲ.

"ಕಾರಿಂದೇ ತಪ್ಪು," ಎಂದ. "ಅದು ಚಳಿಗಾಲಕ್ಕೆ ಲಾಯಕ್ಕಿಲ್ಲ. ಔಲಿಸ್ ಹೇಳಿದ್ದೇ ಸರಿ."

ಅಣ್ಣ ಸತ್ತ ದಿನವೂ ಬಾರದ ಅಳು ನನಗೆ ಆಗ ಬಂತು. ಸಂಜೆ ಮನೆಗೆ ಬಂದವಳೇ ಆ ಎರಡೂ ಮೂಟೆಗಳನ್ನು ಎಳೆದು ತಂದು ಡಿಕ್ಕಿಯೊಳಗೆ ಹಾಕಿದೆ.