ಕೊಟ್ಟದ್ದು, ತಂದದ್ದು

ಹೋದ ವರ್ಷ ಬೇಸಿಗೆಯಲ್ಲಿ ನಮ್ಮಣ್ಣನಿಗೆ ಒಂದು ಹುಕಿ ಬಂತು. ನಮ್ಮ ಅಡ್ಡಹೆಸರಿನವರು ಎಲ್ಲೆಲ್ಲಿದ್ದಾರೋ ಅವರನ್ನೆಲ್ಲ ಬೈಲಹೊಂಗಲದ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಸಬೇಕು, ಮನೆತನದ ವಂಶಾವಳಿಯನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ವೇದಿಕೆಯ ಹಿಂದೆ ಕಟ್ಟಬೇಕು. ಅದಕ್ಕಾಗಿ ಅವನು ಫೋನ್ ಮಾಡಿ ಹೆಳವರನ್ನು ಊರಿಗೆ ಕರೆಸಿದ.

ನಮ್ಮ ಕಡೆ ಒಕ್ಕಲುತನದ ಮನೆಗಳ ಪೀಳಿಗೆಗಳನ್ನು ಬರೆದಿಟ್ಟುಕೊಂಡು, ನಾಲ್ಕಾರು ವರ್ಷಕ್ಕೊಮ್ಮೆ ಬಂದು ಓದಿ ಹೇಳುವವರು ಹೆಳವರು. ನಾನು ಸಣ್ಣವಳಿದ್ದಾಗ ನಮ್ಮ ಮನೆಯ ಹೆಳವಜ್ಜ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬಂದವರು ಅವರ ಮಗ. ಅರವತ್ತರ ಸಮೀಪದವರು. ಮೋಟರ್ ಸೈಕಲ್ಲಿನ ಹಿಂದೆ ಪುಸ್ತಕಗಳ ಗಂಟನ್ನು ಹಗ್ಗದಿಂದ ಬಿಗಿದುಕೊಂಡು ಬಂದಿದ್ದರು.

ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತಳಾದವಳು. ತವರೂರು ಸವದತ್ತಿಯ ದಾರಿಯಲ್ಲಿದೆ, ಬಸ್ಸಿನಲ್ಲಿ ಒಂದು ತಾಸು. "ಹೆಳವ ಬರಾವದಾನ, ನೀನೂ ಬಾ, ನಿನಗ ಇಂಥಾದ್ದು ಸೇರತೈತಿ" ಎಂದು ಅಣ್ಣನೇ ಕರೆದದ್ದು. ಹೋದೆ.

ಪಡಸಾಲೆಯಲ್ಲಿ ನಮ್ಮವರೆಲ್ಲ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹೆಳವರಿಗೆ ಹೊರಗಿನ ಕಟ್ಟೆಯ ಮೇಲೆ ಒಂದು ಗೋಣಿಚೀಲ ಹಾಸಿದ್ದರು. ನಮ್ಮ ಮನೆಯ ಏಳು ತಲೆಮಾರನ್ನು ಬಲ್ಲ ಮನುಷ್ಯನಿಗೆ ನಮ್ಮ ಮನೆಯ ಹೊಸ್ತಿಲೊಳಗೆ ಜಾಗವಿರಲಿಲ್ಲ. ನಾನು ಎದ್ದು ಒಂದು ಕುರ್ಚಿ ಒಯ್ದು ಕಟ್ಟೆಯ ಮೇಲೆ ಇಟ್ಟೆ. ಅವರು "ಇರ್ಲಿ ಬಿಡ್ರಿ ಅಕ್ಕಾರ, ಪುಸ್ತಕಾ ಹರವಾಕ ಇದ ಚೊಲೋ" ಎಂದು ಗೋಣಿಚೀಲದ ಮೇಲೆಯೇ ಕುಳಿತರು.

ಓದು ಶುರುವಾಯಿತು. "ಮೂಲಪುರುಷ ಒಂಟಿ ಎತ್ತ ಹೊಡಕೊಂಡ ಬಂದ. ಯಾವ ಊರವ, ತಿಳೀಲಿಲ್ಲ. ಯಾವ ಜನ, ತಿಳೀಲಿಲ್ಲ. ಗೌಡರು ಅವನ ತೋಳ ನೋಡಿ ಮಗಳನ್ನ ಕೊಟ್ಟರು, ಹೊಲಾ ಕೊಟ್ಟರು, ಇವ ನಮ್ಮವ ಅಂದರು."

ಅಣ್ಣ ತೊಡೆ ತಟ್ಟಿಕೊಂಡು ನಕ್ಕ. "ಅಂಥಾ ತೋಳು ನಮ್ಮ ಅಜ್ಜಂದು!"

ಎಲ್ಲರೂ ಹೆಮ್ಮೆಯಿಂದ ನಕ್ಕರು. ನಾನೂ ನಕ್ಕೆ. ಆಮೇಲೆ ಪೀಳಿಗೆಗಳು ಬಂದವು. ಗಂಡುಮಕ್ಕಳ ಹೆಸರು ಒಂದೊಂದಾಗಿ ಬಂದವು. ಯಾರು ಕುಸ್ತಿ ಹಿಡಿಯುತ್ತಿದ್ದರು, ಯಾರು ಬಾವಿ ತೋಡಿಸಿದರು ಎಂಬುದೂ ಬಂತು. ಹೆಣ್ಣುಮಕ್ಕಳದು ಮಾತ್ರ ಒಂದೇ ರಾಗ. "ಹೆಣ್ಣು ಒಂದು, ಮುನವಳ್ಳಿಗೆ ಕೊಟ್ಟದ್ದು. ಹೆಣ್ಣು ಒಂದು, ಉಗರಗೋಳಕ್ಕೆ ಕೊಟ್ಟದ್ದು." ಹೆಸರಿಲ್ಲ, ಊರು ಮಾತ್ರ. ಹಾಗೆಯೇ ನಮ್ಮಪ್ಪನ ಪೀಳಿಗೆಗೆ ಬಂದರು. ಇಬ್ಬರು ಗಂಡುಮಕ್ಕಳ ಹೆಸರು ಓದಿ, "ಹೆಣ್ಣು ಒಂದು, ಸಿರಸಂಗಿಗೆ ಕೊಟ್ಟದ್ದು" ಎಂದು ಹಾಳೆ ತಿರುವಿದರು.

ನಮ್ಮಪ್ಪನಿಗೆ ಇಬ್ಬರು ಅಕ್ಕತಂಗಿಯರಿದ್ದರು.

ಕಿರಿಯ ಅತ್ತೆಯ ವಿಷಯವನ್ನು ಇಲ್ಲಿ ಹೇಳಬೇಕು. ನನಗೆ ಮೂರೋ ನಾಲ್ಕೋ ವರ್ಷ ಇದ್ದಾಗ ಅವಳು ಮಲಪ್ರಭೆ ಹೊಳೆಯಲ್ಲಿ ಬಟ್ಟೆ ಒಗೆಯಲು ಹೋಗಿ ಕೊಚ್ಚಿಹೋದಳು ಎಂದು ನಮಗೆ ಹೇಳಿದ್ದರು. ಸತ್ತವರಿಗೆ ಮಾಡುವಂತೆ ಅವಳ ದಿವಸ ಮಾಡಿ ಊರಿಗೆ ಗೋಧಿ ಹುಗ್ಗಿ ಉಣಿಸಿದ್ದು ನನಗೆ ಮಸುಕಾಗಿ ನೆನಪಿದೆ. ಅದಾಗಿ ಸುಮಾರು ಹದಿನೈದು ವರ್ಷದ ಮೇಲೆ, ನಾನು ಕಾಲೇಜು ಕಲಿಯಲು ಹಾಸ್ಟೆಲ್ಲಿನಲ್ಲಿದ್ದೆ. ಒಂದು ರವಿವಾರ ಗೇಟಿನ ಹತ್ತಿರ ಯಾರೋ ಬಂದಿದ್ದಾರೆಂದು ಕರೆದರು. ಥೇಟ್ ನಮ್ಮಪ್ಪನ ಮೂಗು, ಥೇಟ್ ನಮ್ಮಪ್ಪನ ಹುಬ್ಬು ಇರುವ ಹೆಣ್ಣುಮಗಳೊಬ್ಬಳು ಚಕ್ಕುಲಿಯ ಡಬ್ಬಿ ಹಿಡಿದು ನಿಂತಿದ್ದಳು.

"ಅಂಜಬ್ಯಾಡವ್ವಾ," ಎಂದಳು. "ನಾ ನಿಮ್ಮ ಅತ್ತಿ. ಸತ್ತಿಲ್ಲ."

ಅವಳು ಹೊಳೆಗೆ ಹೋಗಿರಲಿಲ್ಲ. ರಾಮದುರ್ಗದಿಂದ ಹೆಗಲ ಮೇಲೆ ಸೀರೆಗಂಟು ಹೊತ್ತು ಊರೂರು ಮಾರುತ್ತಿದ್ದ ನೇಕಾರನೊಬ್ಬನ ಹಿಂದೆ ಹೋಗಿ ಮದುವೆಯಾಗಿದ್ದಳು. ನಮ್ಮವರು ಭೂಮಿ ಇದ್ದವರು, ಅವನು ನೇಯುವವನು, ಜನ ಬೇರೆ. ಅಷ್ಟಕ್ಕೆ ನಮ್ಮಜ್ಜ ಜೀವಂತ ಇದ್ದ ಮಗಳ ದಿವಸ ಮಾಡಿದ. ಅವಳಿಗೆ ಎರಡು ಮಕ್ಕಳಾದದ್ದು, ಒಂದು ತೀರಿಹೋದದ್ದು, ಯಾವುದಕ್ಕೂ ತವರಿನಿಂದ ಒಂದು ನರಪಿಳ್ಳೆಯೂ ಹೋಗಲಿಲ್ಲ. ನಾನು ಅಂದಿನಿಂದ ಅವಳನ್ನು ಕದ್ದು ಕಾಣುತ್ತ ಬಂದೆ. ಕದ್ದು ಎಂದೆನಲ್ಲ, ಆ ಮಾತಿಗೆ ಈಗ ನಾಚಿಕೆಯಾಗುತ್ತದೆ. ನನ್ನ ಮಗಳಿಗೆ ಕಿತ್ತೂರಿನಿಂದ ಸಂಬಂಧ ಬಂದಾಗ ಬೀಗರು, "ನಿಮ್ಮ ತಂದ್ಯಾರಿಗೆ ಅಕ್ಕತಂಗೇರು ಎಷ್ಟ ಮಂದಿ?" ಎಂದು ಕೇಳಿದರು. ನಾನು, ಇತಿಹಾಸ ಕಲಿಸಿದವಳು, ನನ್ನ ಬಾಯಿಂದಲೇ ಹೇಳಿದೆ: "ಇಬ್ಬರು. ಒಬ್ಬಾಕಿ ಹೊಳ್ಯಾಗ ಹೋದ್ಲರಿ."

ಪಡಸಾಲೆಯಲ್ಲಿ ಆ ಹಾಳೆ ತಿರುವಿದಾಗ ನನ್ನ ಮೈ ಉರಿಯಿತು. ಎಲ್ಲಿಂದಲೋ ಬಂದ, ಯಾವ ಜನ ಎಂದು ಗೊತ್ತಿಲ್ಲದ ಗಂಡಸು ನಮಗೆ ಮೂಲಪುರುಷ. ಅವನ ತೋಳಿಗೆ ತೊಡೆ ತಟ್ಟುತ್ತೇವೆ. ಬೇರೆ ಜನದ ಮನೆಗೆ ಹೋದ ಹೆಣ್ಣುಮಗಳು ಹೊಳೆಪಾಲು!

"ಒಂದು ಬಿಟ್ಟೀರಿ ಅಣ್ಣಾರ," ಎಂದೆ ಹೆಳವರಿಗೆ. "ಇನ್ನೊಂದು ಹೆಣ್ಣ ಐತಿ."

ಅಣ್ಣ ನನ್ನ ಕಡೆ ನೋಡದೆ, "ಹೊಳ್ಯಾಗ ಹೋದಾಕಿದು ಏನ ಬರಸ್ತಿ? ಸುಮ್ನ ಕುಂದ್ರು" ಎಂದ.

"ರಾಮದುರ್ಗದಾಗ ಅದಾಳ. ನಿನಗೂ ಗೊತ್ತೈತಿ."

ಹೆಳವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸಿರಸಂಗಿಯ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು. ಅದರ ಮೇಲೆ ಮಸಿ ಎಳೆದು ಎಳೆದು ಕಾಗದ ಹರಿಯುವಷ್ಟು ಕಪ್ಪು ಮಾಡಿದ್ದರು.

"ನಮ್ಮಪ್ಪ ಬರದಿದ್ದರಿ," ಎಂದರು. "ನಿಮ್ಮಜ್ಜಾರು ತಗೀ ಅಂದ್ರು. ತಗದ. ಮನಿ ಹಿರ್ಯಾರು ಹೇಳಿದ್ದನ್ನ ನಾವು ಬರಿಯಾವ್ರು. ಅವರ ಹೇಳಿದ್ರ ತಿರುಗಿ ಬರೀತೇವಿ."

"ಈಗ ಈ ಮನಿಗೆ ಹಿರ್ಯಾರು ಯಾರು?"

"ನಾನ," ಎಂದ ಅಣ್ಣ.

"ನಿನಗಿಂತ ಹನ್ನೆರಡ ವರ್ಷ ದೊಡ್ಡಾಕಿ ಇನ್ನೂ ಉಸರ ಆಡಾಕ ಹತ್ಯಾಳ. ಅಪ್ಪ ಇಲ್ಲ, ಕಾಕಾ ಇಲ್ಲ, ಸಿರಸಂಗಿ ಅತ್ತಿ ಇಲ್ಲ. ಈ ಮನ್ಯಾಗ ಹುಟ್ಟಿದವರಾಗ ಉಳದ ಹಿರೇ ಜೀವ ಆಕಿ ಒಬ್ಬಾಕಿನ. ಹೇಳ್ರಿ ಅಣ್ಣಾರ, ಹಿರ್ಯಾರು ಅಂದ್ರ ಯಾರು?"

ಹೆಳವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಪುಸ್ತಕ ಮುಚ್ಚಿ, "ಬರೂ ವಾರ ನಾ ರಾಮದುರ್ಗದ ಕಡೆ ಹೋಗಾವದೇನಿ" ಎಂದಷ್ಟೇ ಹೇಳಿದರು. ಅಣ್ಣ ಅವರ ಎದುರಿಗೇ ನನಗೆ, "ಕಲಿಸಿ ಕಲಿಸಿ ತಲಿ ಕೆಟ್ಟೈತಿ ನಿಂದು" ಎಂದು ಬೈದು ಒಳಗೆ ಹೋದ.

ಮರುವಾರ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ಅತ್ತೆಯ ಮನೆಗೆ ಕರೆದುಕೊಂಡು ಹೋದೆ. ಅತ್ತೆಯ ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮಗ ಎರಡು ಪವರ್‌ಲೂಮ್ ಇಟ್ಟುಕೊಂಡಿದ್ದಾನೆ. ಗೋಡೆಯಾಚೆ ಅವುಗಳ ಸಪ್ಪಳ ನಿಲ್ಲುವುದೇ ಇಲ್ಲ, ಆ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ಅತ್ತೆ ಹೆಳವರನ್ನು ಕಂಡೊಡನೆ, "ನಮ್ಮ ಹೆಳವಜ್ಜನ ಮಗನೇನೋ? ಬಾರಪಾ, ಮ್ಯಾಲ ಕುಂದ್ರು" ಎಂದು ತನ್ನ ಮಂಚದ ಮೇಲೆಯೇ ಕೂರಿಸಿಕೊಂಡಳು. ಎಲ್ಲರಿಗೂ ಒಂದೇ ತಾಟಿನಲ್ಲಿ ಚಹಾದ ಕಪ್ಪುಗಳು ಬಂದವು.

ಹೆಳವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಮ್ಮಪ್ಪ ಸಾಯೂತನಕ ಒಂದ ಮಾತ ಅಂತಿದ್ದರಿ ಅವ್ವಾರ. ಜೀವಂತ ಇದ್ದಾಕಿ ಮ್ಯಾಲ ಮಸಿ ಹಾಕೇನಿ ಅಂತ."

ಅತ್ತೆ ಆ ಕಪ್ಪು ಸಾಲನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಮುಟ್ಟಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ.

"ಏನ ಬರೀತಿ ಈಗ?" ಎಂದಳು.

"ಹೆಣ್ಣು ಒಂದು, ರಾಮದುರ್ಗಕ್ಕೆ ಕೊಟ್ಟದ್ದು."

"ಯಾರು ಕೊಟ್ಟಾರ?" ಅವಳ ದನಿ ಮಗ್ಗದ ಸಪ್ಪಳಕ್ಕಿಂತ ಮೇಲೆ ಹೋಯಿತು. "ಯಾರು ಕೊಟ್ಟಾರ ನನ್ನ? ನಮ್ಮಪ್ಪ ಕೊಟ್ಟನ? ನಮ್ಮಣ್ಣ ಕೊಟ್ಟನ? ನಾನ ಬಂದೇನಿ, ನನ್ನ ಕಾಲಿಲೆ. ಕೊಟ್ಟದ್ದು ಅಂತ ಬರಿಯೂದಾದ್ರ ಆ ಮಸೀನ ಇರ್ಲಿ."

ಹೆಳವರು ಪೆನ್ನು ಹಿಡಿದುಕೊಂಡೇ ಕುಳಿತರು. "ನಮ್ಮ ಪುಸ್ತಕದಾಗ ಹೆಣ್ಣಿಗೆ ಎರಡ ಮಾತು ಅವ್ವಾರ. ಮಗಳಾದ್ರ ಕೊಟ್ಟದ್ದು, ಸೊಸಿಯಾದ್ರ ತಂದದ್ದು. ಮೂರನೇದ್ದು ಇಲ್ಲ."

"ಹಂಗಾದ್ರ ನೀ ಮೂರನೇದ್ದು ಬರಿ."

ಎಷ್ಟೋ ವರ್ಷ ಪಾಠ ಹೇಳಿದ್ದೇನೆ: ಯಾರು ಯಾರನ್ನು ಗೆದ್ದರು, ಯಾವ ಮನೆತನ ಎಷ್ಟು ಕಾಲ ಆಳಿತು. ಒಂದು ಗುಂಪು ತನ್ನನ್ನು 'ನಾವು' ಎಂದು ಕರೆದುಕೊಳ್ಳಲು ಯಾರನ್ನು ಹೊರಗೆ ಹಾಕಿತು ಎಂಬುದನ್ನು ಒಂದು ಸಲವೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಆ ಮಂಚದ ತುದಿಯಲ್ಲಿ ಕುಳಿತು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಕೊಟ್ಟದ್ದು, ತಂದದ್ದು. ನಾವೇನು ಎಮ್ಮೆಗಳೆ? ನಾನೂ ಆ ಪುಸ್ತಕದಲ್ಲಿ ಇರುವುದು ಹಾಗೆಯೇ: ಹೆಣ್ಣು ಒಂದು, ಬೈಲಹೊಂಗಲಕ್ಕೆ ಕೊಟ್ಟದ್ದು.

ಕೊನೆಗೆ ಹೆಳವರು ಬರೆದರು. ಮೊದಲು ಅತ್ತೆಯ ಹೆಸರು, ಆಮೇಲೆ "ತಾನಾಗಿ ರಾಮದುರ್ಗಕ್ಕೆ ಹೋದದ್ದು", ಅದರ ಮುಂದೆ ಅವಳ ಗಂಡನ ಹೆಸರು. ಗಟ್ಟಿಯಾಗಿ ಓದಿ ತೋರಿಸಿದರು. ಅತ್ತೆ, "ಹಾಂ, ಹಿಂಗ" ಎಂದಳು. ಏಳುವಾಗ ಅವರು ನನ್ನೊಬ್ಬಳಿಗೆ ಕೇಳುವಂತೆ, "ನಿಮ್ಮ ಅಣ್ಣಾರು ಇನ್ನ ನನ್ನ ಕಟ್ಟಿ ಏರಗೊಡೂದಿಲ್ಲ ಬಿಡ್ರಿ" ಎಂದರು. ಆ ಮಾತು ನಿಜವಾಯಿತು. ಮುಂದೆ ಅಣ್ಣ ಅವರ ಫೋನು ಎತ್ತಲೇ ಇಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿಯೇ ಕಿತ್ತೂರಿನ ಬೀಗತಿಗೆ ಫೋನ್ ಮಾಡಿದೆ. ನಮ್ಮ ಅತ್ತೆ ಹೊಳೆಯಲ್ಲಿ ಹೋಗಿಲ್ಲ, ನಾನು ಸುಳ್ಳು ಹೇಳಿದ್ದೆ, ಅವಳು ಇದ್ದಾಳೆ, ಹೀಗೆ ಹೀಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು, "ನಮಗ ಆವಾಗ ಗೊತ್ತಿತ್ತರಿ" ಎಂದರು. "ನೀವು ಮುಚ್ಚಿದ್ರಿ, ನಾವು ಯಾಕ ತಗೀಬೇಕು ಅಂತ ಬಿಟ್ವಿ."

ಗೊತ್ತಿತ್ತು! ಊರಿಗೆಲ್ಲ ಗೊತ್ತಿತ್ತು. ಹುಗ್ಗಿ ಉಂಡವರಿಗೆಲ್ಲ ಉಣ್ಣುವಾಗಲೇ ಗೊತ್ತಿತ್ತು. ಯಾರೂ ನಂಬದ ಒಂದು ಸುಳ್ಳನ್ನು ಎಲ್ಲರೂ ಕೂಡಿ ಇಷ್ಟು ವರ್ಷ ಸಾಕಿದ್ದರು, ಮತ್ತು ಅದರ ಬೆಲೆಯನ್ನು ಒಬ್ಬ ಹೆಣ್ಣುಮಗಳು ತೆತ್ತಿದ್ದಳು.

ಸಮಾವೇಶದ ದಿನ ಹೋಗಬಾರದು ಎಂದುಕೊಂಡಿದ್ದೆ. ಆದರೂ ಹೋದೆ, ಅತ್ತೆಯ ಹೆಸರು ಫ್ಲೆಕ್ಸಿನ ಮೇಲೆ ಬಂದಿದೆಯೋ ಇಲ್ಲವೋ ನೋಡಲು. ಮಂಟಪ ತುಂಬಿತ್ತು. ಬಂದವರಿಗೆಲ್ಲ ಕೇಸರಿ ಪೇಟ ಸುತ್ತುತ್ತಿದ್ದರು, ಗಂಡಸರಿಗೆ. ವೇದಿಕೆಯ ಹಿಂದೆ ಗೋಡೆಯಷ್ಟು ಅಗಲದ ಆಲದ ಮರದ ಚಿತ್ರ, ಎಲೆಗೊಂದು ಹೆಸರು. ಅತ್ತೆಯ ಎಲೆ ಇರಲಿಲ್ಲ. ಸಿರಸಂಗಿ ಅತ್ತೆಯ ಎಲೆಯೂ ಇರಲಿಲ್ಲ. ನನ್ನದೂ ಇರಲಿಲ್ಲ. ಮುನವಳ್ಳಿ, ಉಗರಗೋಳ ಯಾವುದೂ ಇರಲಿಲ್ಲ. ಹಿಂದೆ ನಿಂತ ಮುದುಕಿಯೊಬ್ಬಳು ಕನ್ನಡಕ ಏರಿಸಿ, "ನಮ್ಮ ಊರು ಎಲ್ಲೈತಿ ನೋಡವ್ವಾ, ನನಗ ಕಾಣವಲ್ದು" ಎಂದು ನನ್ನ ಕೈ ಹಿಡಿದಳು.

ಅಣ್ಣನನ್ನು ಬಾಗಿಲ ಹತ್ತಿರ ಹಿಡಿದು ಕೇಳಿದೆ.

"ನೀ ಜಗಳಾ ತಗದಿ ಅಂತನ ಹಂಗ ಮಾಡೇನಿ," ಎಂದ. ಅವನ ಮುಖದಲ್ಲಿ ಸಮಾಧಾನವಿತ್ತು. "ಒಬ್ಬಾಕಿನ್ನ ಬಿಟ್ರ ತಪ್ಪು. ಎಲ್ಲಾರನ್ನೂ ಬಿಟ್ಟೇನಿ. ಈಗ ಯಾರಿಗೂ ಬ್ಯಾಸರ ಇಲ್ಲ."

"ಗೌಡರ ಮಗಳಿಲ್ದ ನಿನ್ನ ಮೂಲಪುರುಷನ ಮನಿ ಬೆಳೀತೇನೋ?"

"ಹೋಗಿ ಉಣ್ಣು," ಎಂದ. "ಹೋಳಿಗಿ ಆರತಾವ."

ಉಣ್ಣದೆ ಬಂದೆ. ನಮ್ಮ ಕಡೆ ಊಟದ ಹೊತ್ತಿಗೆ ಉಣ್ಣದೆ ಎದ್ದು ಬರುವುದೆಂದರೆ ಏನು ಎಂದು ಅವನಿಗೂ ಗೊತ್ತು. ಅಂದಿನಿಂದ, ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರ ಪಂಚಮಿಗೂ ಅವನು ಕರೆದಿಲ್ಲ. ನಾನೂ ಹೋಗಿಲ್ಲ.

ರಾಮದುರ್ಗಕ್ಕೆ ಮಾತ್ರ ಈಗ ಎಲ್ಲರಿಗೂ ಹೇಳಿಯೇ ಹೋಗುತ್ತೇನೆ. ಸಮಾವೇಶದ ಮರುವಾರ ಹೋದಾಗ ಅತ್ತೆ ಕಾರ್ಯಕ್ರಮ ಹೇಗಾಯಿತೆಂದು ಕೇಳಿದಳು. ಹೇಳಿದೆ. ತನ್ನ ಹೆಸರಿಲ್ಲ ಎಂದಾಗ ಅವಳು ಕೈ ಝಾಡಿಸಿದಳು, ಅದು ಅವಳಿಗೆ ಹೊಸದಲ್ಲ. ಸಿರಸಂಗಿ ಅತ್ತೆಯ ಹೆಸರೂ ಇಲ್ಲ ಎಂದೆ.

ಮಂಚದ ಮೇಲೆ ಒರಗಿದ್ದವಳು ಎದ್ದು ಕುಳಿತಳು. ಸಿರಸಂಗಿಯ ಆ ಅಕ್ಕ ಅಪ್ಪನ ಮಾತು ಮೀರದವಳು. ತೋರಿಸಿದವನನ್ನು ಮದುವೆಯಾದವಳು. ತಂಗಿ ಹೋದ ಮೇಲೆ ಸಾಯುವವರೆಗೂ ಅವಳ ಜೊತೆ ಒಂದು ಮಾತಾಡಲಿಲ್ಲ.

"ಅಕ್ಕಂದೂ ಇಲ್ಲಾ?" ಎಂದಳು ಅತ್ತೆ. "ಹಲಕಟ್ಟ ಸೂಳೇಮಕ್ಕಳು! ಆಕಿ ಏನ ತಪ್ಪ ಮಾಡಿದ್ದಳು? ಅವರು ಹೇಳಿದ್ದೆಲ್ಲಾ ಕೇಳಿದ್ದಳಲ್ಲಾ!"

ಮಗ ಲೂಮು ನಿಲ್ಲಿಸಿ, ಏನಾಯಿತೆಂದು ಒಳಗೆ ಬಂದ.